ಕೋವಿಗೆ ಹಾಸಿಗೆ ಕತ್ತರಿಸಿದ್ದು

ಮದುವೆಯಾಗಿ ಸೊರಬದ ಮನೆಗೆ ಬಂದ ಹೊಸದರಲ್ಲೇ ನನಗೆ ಒಂದು ಸಂಗತಿ ಗೊತ್ತಾಯಿತು. ಮಾವ ಮತ್ತು ಅವರ ತಮ್ಮ ಪಾಲಾಗಿ ಎಷ್ಟೋ ಕಾಲವಾಗಿದ್ದರೂ ಒಂದು ವಸ್ತು ಮಾತ್ರ ಪಾಲಾಗದೆ ಉಳಿದಿತ್ತು. ಅದು ಅವರ ತಂದೆಯ ಕಾಲದ ಜೋಡುನಳಿಗೆಯ ಕೋವಿ. ನನ್ನ ತವರು ಈಸೂರಿನ ಹತ್ತಿರ, ನಮ್ಮ ಕಡೆ ಬಂದೂಕು ಅನ್ನುತ್ತೇವೆ. ಗದ್ದೆ ಹಂಚಿಕೊಂಡರು, ಎತ್ತು ಹಂಚಿಕೊಂಡರು, ತಾಮ್ರದ ಹಂಡೆ ಕೂಡ ಹಂಚಿಕೊಂಡರು. ಕೋವಿಯನ್ನು ಏನು ಮಾಡುವುದು? ಪಂಚರು ಕೂತು ಒಂದು ವರ್ಷ ಅಣ್ಣನಿಗೆ, ಮರುವರ್ಷ ತಮ್ಮನಿಗೆ ಎಂದು ತೀರ್ಮಾನಿಸಿದರಂತೆ. ಆಯುಧಪೂಜೆಯ ಕುಂಕುಮ ಯಾರ ಮನೆಯಲ್ಲಿ ಬೀಳುತ್ತದೋ ವರ್ಷವಿಡೀ ಅದು ಆ ಮನೆಯದು. ಲೈಸೆನ್ಸಿನಲ್ಲಿ ಇಬ್ಬರ ಹೆಸರೂ ಇತ್ತು. ಇಂಥ ತೀರ್ಮಾನ ಗಂಡಸರಿಗೆ ಮಾತ್ರ ಹೊಳೆಯುತ್ತದೆ. ನಮ್ಮನ್ನು ಕೇಳಿದ್ದರೆ ಅದನ್ನು ಮಾರಿ ಎರಡೂ ಮನೆಯ ಹೆಂಗಸರಿಗೆ ಬಳೆ ಮಾಡಿಸಿ ಅನ್ನುತ್ತಿದ್ದೆವು.

ಮಾವನ ತಮ್ಮ, ಅಂದರೆ ನನಗೆ ಚಿಕ್ಕಮಾವ, ಶಿಕಾರಿಪುರದಲ್ಲಿದ್ದರು. ಹೆತ್ತ ತಾಯಿಯ ಮುಖ ಅವರಿಗೆ ನೆನಪಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದ ನನ್ನ ಅತ್ತೆಯೇ ಅವರಿಗೆ ಉಣ್ಣಿಸಿ, ಮೀಯಿಸಿ, ಬೆಳೆಸಿದ್ದರು. ಅತ್ತೆ ಎಲ್ಲಿ ಹೋದರೂ ಹಿಂದೆ ಸೆರಗು ಹಿಡಿದುಕೊಂಡು ಇವರಿರುತ್ತಿದ್ದರಂತೆ. ಆ ಅತ್ತೆಯನ್ನು ನಾನು ನೋಡಲಿಲ್ಲ. ನಾನು ಬರುವ ಮೊದಲೇ ಅವರು ತೀರಿಕೊಂಡಿದ್ದರು.

ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದರು. ಆ ರಸ್ತೆಯಲ್ಲಿ ಬಸ್ಸು ಕುಣಿಯುವ ರೀತಿಗೆ ಮನುಷ್ಯರೇ ನೆಟ್ಟಗೆ ಇಳಿಯುವುದು ಕಷ್ಟ, ಇನ್ನು ಕೋವಿಯ ಪಾಡೇನು? ಒಂದು ಸಲ ಹಿಡಿಯ ಮೂಲೆ ಕೆತ್ತಿಹೋಯಿತು, ಇನ್ನೊಂದು ಸಲ ನಳಿಗೆಗೆ ಗೀರು ಬಿತ್ತು. ಅಣ್ಣ ತಮ್ಮನ ಮೇಲೆ ಹೇಳಿದರು, ತಮ್ಮ ಅಣ್ಣನ ಮೇಲೆ ಹೇಳಿದರು. ಕೊನೆಗೊಂದು ದಿನ ಮಾವ, ‘ಅಪ್ಪನ ವಸ್ತು ಇಟ್ಕಳ್ಳೋ ಯೋಗ್ಯತೆ ನಿಂಗಿಲ್ಲ’ ಎಂದುಬಿಟ್ಟರು. ಚಿಕ್ಕಮಾವ ಅವತ್ತಿನಿಂದ ಹೊಸ್ತಿಲು ತುಳಿಯಲಿಲ್ಲ. ಕೋವಿ ಮಾತ್ರ ಬೇರೆಯವರ ಕೈಯಲ್ಲಿ ವರ್ಷಕ್ಕೊಮ್ಮೆ ಹೋಗಿಬರುತ್ತಿತ್ತು. ಅತ್ತೆ ಹೋದಾಗ ಬಂದು ಹೆಗಲು ಕೊಟ್ಟು, ಅಂಗಳದಿಂದಲೇ ಹಿಂದಿರುಗಿದರಂತೆ. ನೀರು ಕೂಡ ಕುಡಿಯಲಿಲ್ಲ ಎಂದು ಮಾವ ಹೇಳಿಕೊಳ್ಳುತ್ತಿದ್ದರು.

ನಾನು ಬಂದ ವರ್ಷ ಕೋವಿ ನಮ್ಮಲ್ಲಿತ್ತು. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಜ್ವರ ಹತ್ತುತ್ತಿದೆ ಎಂಬ ಸುದ್ದಿ ಹಬ್ಬಿ ಯಾರೂ ಕಾಡಿನತ್ತ ಹೋಗುತ್ತಿರಲಿಲ್ಲ. ಕೋವಿ ಗೋಡೆಯಲ್ಲೇ ನೇತಾಡುತ್ತಿತ್ತು, ಮಾವ ಅದರ ಎದುರು ಕೂತಿರುತ್ತಿದ್ದರು. ನವರಾತ್ರಿ ಹತ್ತಿರ ಬಂದಾಗ ಹೊನ್ನೆ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ನನ್ನವರನ್ನು ಕರೆದು ಹೇಳಿದರು:

‘ಈ ಸಲ ಒಂದು ಗೀರಿಲ್ದೆ ಅವನ ಕೈ ಸೇರಬೇಕು. ಗೀರು ಕಂಡ ಅಂದ್ರೆ ಮುಗೀತು, ನಾನು ಸತ್ರೂ ಬರಲ್ಲ ಅವನು.’

ಪೆಟ್ಟಿಗೆಯೊಳಗೆ ಏನು ಹಾಸುವುದು ಎಂಬ ಚರ್ಚೆ ಶುರುವಾಯಿತು. ನನ್ನವರು ಬೂರುಗದ ಹತ್ತಿ ಅಂದರು. ಎರಡು ದಿನಕ್ಕೆ ಮುದ್ದೆಗಟ್ಟಿ ಮೂಲೆ ಸೇರುತ್ತದೆ ಅಂದೆ. ತೆಂಗಿನ ನಾರು ಅಂದರು. ಗೀರು ಬೀಳಬಾರದು ಅಂತ ತಾನೇ ಇಷ್ಟೆಲ್ಲ, ನಾರು ತಿಕ್ಕಿದರೆ ಪಾತ್ರೆಯೇ ಬೆಳಗುತ್ತದೆ ಅಂದೆ. ಕಂಬಳಿ ತೇವ ಹಿಡಿಯುತ್ತದೆ ಎಂದು ಮಾವನೇ ತಳ್ಳಿಹಾಕಿದರು. ತವರಿನಲ್ಲಿ ನಾನು ಹೊಲಿಗೆ ಮೆಷಿನ್ನಿನ ಮೇಲೆ ಕೂತು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದವಳು. ಬಟ್ಟೆ, ಹಾಸು, ಹೊದಿಕೆಯ ವಿಷಯದಲ್ಲಿ ನನ್ನ ಮಾತೇ ನಡೆಯಬೇಕು ಎಂಬ ಜಂಬ ನನಗಿತ್ತು. ಈಗಲೂ ಇದೆ.

ಶಿರಾಳಕೊಪ್ಪದಲ್ಲಿ ಬಸ್ಸು, ಕಾರುಗಳ ಸೀಟು ಹೊಲಿಯುವ ಒಂದು ಅಂಗಡಿ ಇತ್ತು. ಅಲ್ಲಿ ಯಾವುದೋ ಕಾರಿನ ಹಳೆಯ ಸೀಟಿನಿಂದ ತೆಗೆದ ರಬ್ಬರ್ ಸ್ಪಂಜು ಇದೆಯೆಂದು ತಿಳಿದು ಸಂತೆಯ ದಿನ ಇಬ್ಬರೂ ಹೋದೆವು. ಗಂಡ ಹೆಂಡತಿ ನಾವಿಬ್ಬರೇ ಪೇಟೆಗೆ ಹೋದದ್ದು ಅದೇ ಮೊದಲು. ಜನ ಸಿನಿಮಾಕ್ಕೆ ಹೋಗುತ್ತಾರೆ, ನಾವು ಸ್ಪಂಜಿಗೆ ಹೋದೆವು. ಆದರೂ ಆ ದಿನ ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ಸಂತೆಯಲ್ಲಿ ಮಂಡಕ್ಕಿ ಕೊಡಿಸಿದ್ದರು.

ಅಂಗಡಿಯವನು ಮೂರ್ನಾಲ್ಕು ತುಂಡು ಎಳೆದು ಹಾಕಿದ. ನನ್ನವರು ಬೆಣ್ಣೆಯಂಥ ಮೆತ್ತನೆಯ ತುಂಡಿಗೆ ಮರುಳಾದರು. ನಾನು ಮುಷ್ಟಿ ಊರಿ ಒತ್ತಿ ನೋಡಿದೆ. ಕೈ ತಳ ಮುಟ್ಟಿತು, ತೆಗೆದ ಮೇಲೂ ಗುಂಡಿ ಹಾಗೇ ಇತ್ತು. ಇನ್ನೊಂದನ್ನು ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರಿತು. ಮೂಲೆಯಲ್ಲಿದ್ದ ಗಟ್ಟಿ ತುಂಡು ಮಾತ್ರ ಒತ್ತಿ ಬಿಟ್ಟ ಕೂಡಲೇ ಎದ್ದು ನಿಂತಿತು.

‘ಅಕ್ಕಾರೆ, ಅದು ಕೂರಾಕೆ ಬಾಳ ಗಟ್ಟಿ ಆಗ್ತೈತ್ರಿ’ ಎಂದ ಅಂಗಡಿಯವನು.

‘ಕೂರೋರು ಯಾರೂ ಇಲ್ರೀ, ಮಲಗೋರು ಅದಾರ’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನ್ನವರು ಬಸ್ ಸ್ಟ್ಯಾಂಡ್ ತಲುಪುವವರೆಗೂ ನಗುತ್ತಿದ್ದರು.

ಮರುದಿನ ಕೋವಿಯ ನಳಿಗೆ ಬೇರೆ, ಮರದ ಹಿಡಿ ಬೇರೆ ಮಾಡಿ ಸ್ಪಂಜಿನ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಹಾಕಿದರೆ ಸ್ಪಂಜು ಹಿಂಡಿಕೊಂಡು ಮೇಲೆ ಒಂದು ಅಳತೆ, ಕೆಳಗೆ ಒಂದು ಅಳತೆ ಆಗುತ್ತಿತ್ತು. ಅದಕ್ಕೆ ನನ್ನವರ ಗಡ್ಡ ಹೆರೆಯುವ ಕತ್ತಿಯನ್ನು ತಂದೆ. ಅದನ್ನು ಸೋಪಿನ ನೀರಿಗೆ ಅದ್ದಿ ಎಳೆದರೆ ಎಷ್ಟು ಚೆನ್ನಾಗಿ ಹೋಗುತ್ತಿತ್ತು! ನನ್ನವರು ನೋಡಿ ತಲೆ ಚಚ್ಚಿಕೊಂಡರು, ಆಮೇಲೆ ಎಷ್ಟೋ ದಿನ ಕೆನ್ನೆ ಕುಯ್ದುಕೊಂಡೇ ಓಡಾಡಿದರು. ಸ್ಪಂಜಿನಲ್ಲಿ ನೀರಿನ ಪಸೆ ಉಳಿದರೆ ತುಕ್ಕು ಹಿಡಿಯುತ್ತದೆಂದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಪೆಟ್ಟಿಗೆಗೆ ಕೂರಿಸಿ, ಕೋವಿಯನ್ನಿಟ್ಟು ಮಾವನ ಮುಂದೆ ತಂದೆ. ಹೊಗಳಿಸಿಕೊಳ್ಳಲು ಸಿದ್ಧವಾಗಿಯೇ ನಿಂತಿದ್ದೆ.

ಮಾವ ಮುಚ್ಚಳ ತೆರೆಯಲಿಲ್ಲ. ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಟಕ್ ಎಂದಿತು.

ಏನಾಗಿತ್ತೆಂದರೆ, ರವಿಕೆ ಕತ್ತರಿಸುವವಳ ಕೈ ಗೆರೆಯ ಮೇಲೆ ಯಾವತ್ತೂ ಹೋಗುವುದಿಲ್ಲ. ಹೊಲಿಗೆಗೆಂದು ಗೆರೆಯ ಹೊರಗೆ ಅಂಚು ಬಿಟ್ಟೇ ಕತ್ತರಿಸುತ್ತದೆ. ಇಲ್ಲಿ ನಾನು ಕತ್ತರಿಸಿದ್ದು ಬಟ್ಟೆಯನ್ನಲ್ಲ, ಕೋವಿ ಮಲಗುವ ಗುಳಿಯನ್ನು. ಅದು ಗೆರೆಗಿಂತ ಒಂದು ನೂಲು ಒಳಗೇ ಇರಬೇಕಿತ್ತು, ಸ್ಪಂಜು ಅಪ್ಪಿ ಹಿಡಿಯಬೇಕಿತ್ತು. ನಾನು ಸುತ್ತಲೂ ಅಂಚು ಬಿಟ್ಟು ಕೋವಿಗೆ ದೊಗಳೆ ಅಂಗಿ ಹೊಲಿದ ಹಾಗೆ ಮಾಡಿದ್ದೆ. ‘ನಮ್ಮ ಕೋವಿ ಇನ್ನೂ ಬೆಳೆಯೋದಿದೆ ಅಂತ ಮಾಡಿದಾಳೆ’ ಎಂದು ನನ್ನವರು ಕಿಚಾಯಿಸಿದರು. ನನಗೆ ಅಳು ಬಂತು. ಬೇರೆ ಸ್ಪಂಜು ಇರಲಿಲ್ಲ, ಹಬ್ಬ ಎದುರಿಗಿತ್ತು.

ಸಂದಿಗೆ ತುಂಬಲು ಹಳೆಯ ಬಟ್ಟೆ ಕೇಳಿದೆ. ನನ್ನವರು ಪಂಚೆ ತಂದರು, ಅದು ಗಂಜಿಗೆ ಗಡುಸಾಗಿತ್ತು. ಮಾವ ಎದ್ದು ಒಳಗೆ ಹೋದರು. ಯಾರಿಗೂ ಮುಟ್ಟಲು ಕೊಡದಿದ್ದ ಟ್ರಂಕಿನ ಚಿಲಕದ ಸದ್ದು ಕೇಳಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಕೆಂಪು ದಡಿಯ ನೀಲಿ ಇಳಕಲ್ ಸೀರೆ ಇತ್ತು. ಉಟ್ಟು ಉಟ್ಟು ಹೂವಿನಷ್ಟು ಮೆತ್ತಗಾಗಿತ್ತು. ಅತ್ತೆಯದು ಎಂದು ಯಾರೂ ಹೇಳಬೇಕಿರಲಿಲ್ಲ. ನನ್ನ ಕೈ ಕತ್ತರಿಗೆ ಹೋಗಲಿಲ್ಲ.

‘ಕತ್ತರಿಸು ತಂಗಿ, ಮಡಚಿಟ್ಟು ಎಂತ ಮಾಡೋದು’ ಎಂದರು ಮಾವ.

ಪಟ್ಟಿ ಪಟ್ಟಿ ಕತ್ತರಿಸಿ, ಮಡಿಸಿ, ದಡಿ ಮೇಲೆ ಬರುವಂತೆ ಹೊಲಿದು ಗುಳಿಯ ಸುತ್ತ ತುಂಬಿದೆ. ಪೆಟ್ಟಿಗೆ ಅಲ್ಲಾಡಿಸಿದರೆ ಉಸಿರೂ ಕೇಳಿಸಲಿಲ್ಲ.

ಶಿಕಾರಿಪುರಕ್ಕೆ ನಾನೂ ನನ್ನವರೂ ಹೋದೆವು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆವು. ಚಿಕ್ಕಮಾವ ಜಗಲಿಯಲ್ಲಿ ನಮ್ಮನ್ನು ಕೂರಿಸಿದರು, ಮುಖ ಬಿಗಿದುಕೊಂಡೇ ಇತ್ತು. ಗೀರು ಹುಡುಕುವುದಕ್ಕೆಂದು ಕನ್ನಡಕ ಹಾಕಿಕೊಂಡು ಮುಚ್ಚಳ ತೆರೆದರು. ಆಮೇಲೆ ಅವರ ಕೈ ಕೋವಿಯ ಮೇಲೆ ಹೋಗಲೇ ಇಲ್ಲ. ಕೆಂಪು ದಡಿಯ ಮೇಲೆ ಬೆರಳಿಟ್ಟುಕೊಂಡು ಕೂತರು.

‘ಅತ್ತಿಗೇದಲ್ಲೇನವ್ವಾ ಇದು?’

‘ಹೂಂ ಚಿಕ್ಕಮಾವ. ಮಾವನೋರೇ ತೆಗೆದುಕೊಟ್ರು.’

ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ‘ಅಣ್ಣ ಉಣ್ತಾನೇನು ಸರಿಯಾಗಿ?’ ಎಂದು ಕೇಳಿದರು. ಕೋವಿಯನ್ನು ನೋಡದೆ ಮುಚ್ಚಳ ಹಾಕಿದರು.

ಮರುವರ್ಷ ನವರಾತ್ರಿಗೆ ಮುಂಚೆ ಪೆಟ್ಟಿಗೆ ಹೊತ್ತು ಚಿಕ್ಕಮಾವ ತಾವೇ ಸೊರಬಕ್ಕೆ ಬಂದರು. ಅಂಗಳದಲ್ಲಿ ಒಂದು ಗಳಿಗೆ ನಿಂತು, ಹೊಸ್ತಿಲು ದಾಟಿ ಒಳಗೆ ಬಂದರು. ಪೆಟ್ಟಿಗೆಯನ್ನು ಕೆಳಗಿಡುವಾಗ ಒಳಗಿನಿಂದ ಕಟಕ್ ಎಂದಿತು. ಮಾವ ತೆರೆದು ನೋಡಿದರು. ಹಿಡಿಯ ಪಕ್ಕದಲ್ಲಿದ್ದ ಸೀರೆಯ ಪಟ್ಟಿ ಇರಲಿಲ್ಲ. ಹಿಡಿ ಸರಿದು ಚಿಲಕದ ಮೊಳೆಗೆ ತಗುಲಿ, ಮರದ ಮೇಲೆ ಉದ್ದಕ್ಕೊಂದು ಹೊಸ ಗೀರು ಬಿದ್ದಿತ್ತು. ಚಿಕ್ಕಮಾವ ತಲೆ ತಗ್ಗಿಸಿಕೊಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನಂತೆ ನಿಂತಿದ್ದರು.

ಮಾವ ಗೀರಿನ ಮೇಲೆ ಹೆಬ್ಬೆರಳಾಡಿಸಿದರು. ಖಾಲಿ ಸಂದಿಯನ್ನು ನೋಡಿದರು.

‘ಕೋವಿಗೆ ಎಂತದೂ ಆಗಿಲ್ಲ. ಕೈಕಾಲು ತೊಳಕಂಡು ಬಾ, ಎಲೆ ಹಾಕ್ತಾರೆ’ ಎಂದರು.

ಚಿಕ್ಕಮಾವ ಬಚ್ಚಲಿಗೆ ಹೋದ ಮೇಲೆ, ಟ್ರಂಕಿನಲ್ಲಿ ಸೀರೆಯ ತುಂಡು ಉಳಿದಿದೆ, ಆ ಸಂದಿಗೆ ಇನ್ನೊಂದು ಪಟ್ಟಿ ಹೊಲಿದು ತುಂಬಲೇ ಎಂದು ಮಾವನನ್ನು ಕೇಳಿದೆ.

‘ಬೇಡ ಬಿಡು ತಂಗಿ’ ಎಂದರು. ‘ಸದ್ದು ಮಾಡ್ಲಿ.’