ಬೊಲಿವಿಯಾದ ಸಮುದ್ರ, ನಮ್ಮ ಹೊಲದ ದಾರಿ

ಚಿಲಿ ದೇಶ ಬೊಲಿವಿಯಾದ ಕಡಲತೀರವನ್ನು ಕಿತ್ತುಕೊಂಡ ಕಥೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಅದು ಪಠ್ಯದಲ್ಲಿಲ್ಲ. ಇಂಡಿ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ ಪಠ್ಯ ಮುಗಿಸಲೇ ಪುರುಸೊತ್ತಿರುವುದಿಲ್ಲ. ಆದರೂ ಒಂದು ತಾಸು ಕದ್ದು ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಟಕಾಮ ಮರುಭೂಮಿಯಲ್ಲಿ ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾದ ಪೆಟ್ಲುಪ್ಪು ಸಿಕ್ಕಿತು. ನೆಲ ಬೊಲಿವಿಯಾದ್ದು, ಅಗೆಯುವ ಕಂಪನಿ ಚಿಲಿಯದು. ಬೊಲಿವಿಯಾ ತೆರಿಗೆ ಹಾಕಿತು, ಚಿಲಿ ಸೈನ್ಯ ಇಳಿಸಿತು. ಬೊಲಿವಿಯಾದ ಜೊತೆ ನಿಂತ ಪೆರು ತಾನೂ ಏಟು ತಿಂದು ನೆಲ ಕಳೆದುಕೊಂಡಿತು. ಕೊನೆಗೆ ಬೊಲಿವಿಯಾಕ್ಕೆ ಒಂದು ಗೇಣು ತೀರವೂ ಉಳಿಯಲಿಲ್ಲ. ಆಮೇಲೆ ಒಪ್ಪಂದವಾಯಿತು: ತೀರ ಚಿಲಿಯದೇ, ಸರಕು ಸಾಗಿಸಲು ಮಾತ್ರ ಬೊಲಿವಿಯಾಕ್ಕೆ ದಾರಿ. ಆ ದೇಶ ಇಂದಿಗೂ ನೌಕಾಪಡೆ ಇಟ್ಟುಕೊಂಡಿದೆ, ಪ್ರತಿ ಮಾರ್ಚಿನಲ್ಲಿ ಕಳೆದುಕೊಂಡ ಸಮುದ್ರವನ್ನು ನೆನೆಯುತ್ತದೆ.

ಈ ಸಲ ಇದನ್ನು ಹೇಳಿ ಮುಗಿಸಿದಾಗ ಝಳಕಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ದಾರಿ ಕೊಟ್ಟಾರಲ್ರಿ ಮೇಡಂ. ಇನ್ನೂ ಯಾಕ ಅಳ್ತಾರ?”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ಕೂಡು” ಎಂದು ಗದರಿಸಿದೆ. ಪಾಪ, ಆಕೆಯದೇನೂ ತಪ್ಪಿರಲಿಲ್ಲ. ಅದೇ ಮಾತನ್ನು ನಮ್ಮೂರ ಹಿರಿಯರ ಬಾಯಲ್ಲಿ ಕೇಳಿ ಕೇಳಿ ನನ್ನ ಕಿವಿ ಹುಣ್ಣಾಗಿತ್ತು.

ನಮ್ಮೂರು ತಾಂಬಾದಲ್ಲಿ ನಮ್ಮದೊಂದು ಲಿಂಬೆ ತೋಟವಿದೆ. ಅಪ್ಪ ಮತ್ತು ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಪಾಲು ಮಾಡಿಕೊಂಡಾಗ ಇಬ್ಬರ ಹೊಲಕ್ಕೂ ಡಾಂಬರು ರಸ್ತೆ ತಾಗುತ್ತಿತ್ತು. ಮುಂದೆ ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದ. ಕಾಕಾ ಪ್ರತಿ ಬಿತ್ತಿಗೆಗೂ ಒಂದೆರಡು ಸಾಲು ನಮ್ಮ ಕಡೆ ಸರಿಯುತ್ತ ಬಂದ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ರಸ್ತೆಯಂಚಿನ ನಮ್ಮ ಪಟ್ಟಿ ಪೂರ್ತಿ ಅವನ ಬೇಲಿಯೊಳಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮನೆಯಲ್ಲಿದ್ದವರು ಅವ್ವ ಮತ್ತು ನಾನು, ಗಂಡು ಮಕ್ಕಳಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿರಿಯರು ಕೂಡಿದರು, ಚಹಾ ಕುಡಿದರು, ನ್ಯಾಯ ಹೇಳಿದರು. “ಪಟ್ಟಿ ಅಂವಗ ಇರ್ಲಿ. ನಿಮಗ ಹಾದ್ಯಾಡಾಕ ದಾರಿ ಕೊಡ್ತಾನ. ಇನ್ನೇನ್ ಬೇಕು?”

“ಮೋಜಣಿ ಮಾಡಸೂಣು, ಸರ್ಕಾರದವ್ರು ಬಂದು ಅಳೀಲಿ” ಎಂದೆ ನಾನು. ಅವ್ವ ಒಪ್ಪಲಿಲ್ಲ.

“ನೀ ಇಂಡ್ಯಾಗ ಇರಾಕಿ. ಅವರ ಬಾಜೂಕ ಬಾಳೇ ಮಾಡಾಕಿ ನಾ” ಎಂದಳು. ನಾನು ಮೋಜಣಿಯ ಮಾತು ಬಿಟ್ಟೆ.

ಕಾಕಾ ಒಮ್ಮೆಯೂ ದಾರಿ ಇಲ್ಲವೆನ್ನಲಿಲ್ಲ. ಅಷ್ಟು ದಡ್ಡನಲ್ಲ ಅವನು. ಲಿಂಬೆ ತುಂಬಲು ಟೆಂಪೋ ಬಂದ ದಿನವೇ ಅವನಿಗೆ ಆ ದಾರಿಯಲ್ಲಿ ನೀರು ಹಾಯಿಸುವ ಕೆಲಸ. “ಹಸಿ ಐತಿ ವೈನಿ, ನಾಳಿ ಒಯ್ರಿ” ಎಂದು ಅತ್ತಿಗೆಯಾದ ಅವ್ವನಿಗೆ ಅನ್ನುತ್ತಿದ್ದ. ನಾಳೆಯ ಹೊತ್ತಿಗೆ ಚೀಲದೊಳಗಿನ ಕಾಯಿ ಮೆತ್ತಗಾಗಿರುತ್ತಿತ್ತು. ಮೂಗಿಗೆ ತುಪ್ಪ ಸವರಿದ ಮೇಲೆ ವಾಸನೆ ಕುಡಿದೇ ಬದುಕಬೇಕು. ಅವ್ವ ತನ್ನ ಹೊಲದ ಕಾಯಿ ತನ್ನ ಹೊಲದಿಂದ ಹೊರತರಲು ಪ್ರತಿ ಸಲವೂ ಮೈದುನನ ಬಾಗಿಲಿಗೆ ಹೋಗಿ ನಿಂತಳು. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಈ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಹೂಳುತ್ತಾರೆ. ಅಪ್ಪನ ಮಗ್ಗುಲಲ್ಲಿ ಕುಣಿ ತೆಗೆಸಿದ್ದೆವು. ಕಾಕಾ ತಾನೇ ಮುಂದೆ ಹೋಗಿ ಆ ದಾರಿಗೆ ಹೊಸದಾಗಿ ಹಾಕಿಸಿದ್ದ ಕಬ್ಬಿಣದ ಗೇಟು ತೆರೆದ, ಕಾಲಿಗೆ ಚುಚ್ಚದಿರಲೆಂದು ಮುಳ್ಳು ಸರಿಸಿದ, ಕೈಮುಗಿದು ಬದಿಗೆ ನಿಂತ. “ಎಂಥಾ ದೊಡ್ಡ ಮನಸರಿ ಅಂವಂದು!” ಎಂದು ನನ್ನ ಹಿಂದೆ ಯಾರೋ ಅಂದರು. ನನ್ನಪ್ಪನ ನೆಲದ ಮೇಲೆ ನಿಂತು ನನ್ನವ್ವನ ಹೆಣಕ್ಕೆ ದಾರಿ ಬಿಟ್ಟವನಿಗೆ ದೊಡ್ಡ ಮನಸ್ಸಂತೆ! ಕಿರುಚಬೇಕೆನಿಸಿತು. ಅವ್ವ ಜನರ ಹೆಗಲ ಮೇಲಿದ್ದಳು. ನುಂಗಿಕೊಂಡು ನಡೆದೆ.

ಮೂರನೆಯ ದಿನ ಅವ್ವನನ್ನು ಹೂಳಿದ ಗುದ್ದಿಗೆ ಹಾಲು ಹಾಕಲು ಹೋದೆ. ಗೇಟಿಗೆ ಕೀಲಿ ಬಿದ್ದಿತ್ತು. ಕಾಕಾನ ಮನೆಗೆ ಹೋದರೆ ಅವನು ದೇವರ ಹಿಪ್ಪರಗಿಯ ಸಂತೆಗೆ ಹೋಗಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಪ್ರೀತಿಯಿಂದಲೇ ಒಳಗೆ ಕರೆದು ಕೂಡಿಸಿದಳು.

“ಕುರಿ ಹೊಗತಾವಂತ ಕೀಲಿ ಹಾಕೀವಿ. ಕೀಲಿಕೈ ಒಯ್ಯವಾ, ಬರೂಮುಂದ ಕೊಟ್ಟು ಹೋಗು. ಯಾವಾಗ ಬೇಕಾದ್ರೂ ಬಾ, ನಾವೇನ್ ಒಲ್ಲೆ ಅಂತೀವೇನು?”

ಹಾಲಿನ ಚರಿಗೆಯನ್ನು ಎಡಗೈಗೆ ಬದಲಿಸಿ, ನನ್ನವ್ವನ ಬಳಿ ಹೋಗಲು ಬಲಗೈ ಚಾಚಿದೆ. ಹಾಲು ಹಾಕಿ ಬಂದೆ. ಕೀಲಿಕೈ ಮರಳಿ ಕೊಡುವಾಗ “ಉಪಕಾರ ಆತ ಚಿಗವ್ವ” ಎಂದುಬಿಟ್ಟೆ. ಬಾಗಿಲು ದಾಟುವ ಮೊದಲೇ ನಾನಾಡಿದ್ದೇನೆಂದು ಅರಿವಾಯಿತು. ಅವ್ವ ಇದ್ದಷ್ಟು ಕಾಲ ಅವಳ ಬಾಯಿಂದ ಹೊರಡಿಸಿದ್ದ ಮಾತನ್ನು ಈಗ ನನ್ನ ಬಾಯಿಂದಲೂ ಹೊರಡಿಸಿದ್ದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಮೋಜಣಿಗೆ ಅರ್ಜಿ ಕೊಟ್ಟು ಬಂದೆ.