ದೇವಕ್ಕ ಕಂಡ ನೀರು

ಮುನವಳ್ಳಿಯ ಲಗಮಣ್ಣ ಇಪ್ಪತ್ತೆರಡು ವರ್ಷದಿಂದ ಮಲಪ್ರಭೆಯ ಹಿನ್ನೀರಿನಲ್ಲಿ ಓಡುವ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತ ಬಂದವನು. ಆ ಕೆಲಸದಲ್ಲಿ ತನ್ನ ಮಾತಿಗೆ ಎದುರಿಲ್ಲ ಎಂಬ ಗರ್ವ ಅವನಿಗಿತ್ತು. ಭರಮಪ್ಪನ ಮೀನಿನ ದೋಣಿ ಅದನ್ನು ಮುರಿಯಿತು.

ಜೋರಾಗಿ ಓಡಿಸಿದರೆ ಸಾಕು, ಆ ದೋಣಿಯ ಹಿಂಬದಿ ಗಡಗಡ ನಡುಗುತ್ತಿತ್ತು. ಲಗಮಣ್ಣ ಪ್ರೊಪೆಲರ್ ಬಿಚ್ಚಿ, ಎರಡೂ ರೆಕ್ಕೆಗಳ ತೂಕ ಸಮ ಮಾಡಿದ. ಬೇರಿಂಗ್ ಬದಲಿಸಿದ. ನಡುಕ ಹಾಗೇ ಉಳಿಯಿತು.

ಗಂಡ ತೀರಿದ ಮೇಲೆ ಆ ದೋಣಿಯ ಚುಕ್ಕಾಣಿ ಹಿಡಿದಿದ್ದವಳು ದೇವಕ್ಕ. ಒಂದು ದಿನ ಭರಮಪ್ಪನ ಎದುರಿಗೇ ಲಗಮಣ್ಣನಿಗೆ ಹೇಳಿದಳು.

"ಅಣ್ಣಾ, ತಪ್ಪು ರೆಕ್ಕಿದಲ್ಲರಿ, ನೀರಿಂದು. ಪ್ರೊಪೆಲರ್ ಮುಂದ ದಪ್ಪ ಕಂಬ ಐತಲ್ಲ, ಅದರ ಹಿಂದ ನೀರು ಮೆಲ್ಲಕ ಬರತೈತಿ, ಆಜೂಬಾಜೂ ಜೋರ್ ಬರತೈತಿ. ಎರಡೂ ರೆಕ್ಕಿ ಒಮ್ಮಿಗೇ ಕಂಬದ ಹಿಂದ ಹೋಗ್ತಾವು, ಒಮ್ಮಿಗೇ ಹೊರಗ ಬರ್ತಾವು. ಅದಕ್ಕ ಆ ಏಟು, ಚುಕ್ಕಾಣಿ ಹಿಡಿದ ಕೈಗೆ ಗೊತ್ತಾಗತೈತಿ. ಮೂರು ರೆಕ್ಕಿದು ಹಾಕಿ ನೋಡ್ರಿ, ಒಂದೊಂದ ಹೋಗ್ತಾವು."

ಲಗಮಣ್ಣ ಬೋಲ್ಟ್ ಬಿಚ್ಚುತ್ತಿದ್ದ ಪಾನಾ ಕೆಳಗೆಸೆದ. ಒಂದು ಪಾನಾ ಹಿಡಿದು ಗೊತ್ತಿಲ್ಲದ ಹೆಂಗಸು! ಮೂರು ರೆಕ್ಕೆಯದು ಎಲ್ಲಿಯೂ ಸಿಗುವುದಿಲ್ಲ ಎಂದುಬಿಟ್ಟ. ಅವನ ಅಂಗಡಿಯ ಅಟ್ಟದ ಮೇಲೇ ಒಂದಿತ್ತು. ಆ ಸಂಜೆ ಹೆಂಡತಿ ಸೀತವ್ವ ದೇವಕ್ಕನ ಜಾಣತನ ಹೊಗಳಿದಳು. ಅವನು ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ.

ಹತ್ತು ದಿನಕ್ಕೆ ನಡುನೀರಿನಲ್ಲಿ ಆ ದೋಣಿಯ ಪ್ರೊಪೆಲರ್ ತಿರುಗಿಸುವ ಶಾಫ್ಟ್ ಮುರಿಯಿತು. ಸುದ್ದಿ ಕೇಳಿ ಮೊದಲು ಅವನಿಗಾದದ್ದು ಖುಷಿ. ಆಮೇಲೆ ದಂಡೆಗೆ ಹೋದ. ದೇವಕ್ಕ ಒಬ್ಬಳೇ ಹುಟ್ಟು ಹಾಕುತ್ತ ಮೂರು ತಾಸಿನ ನಂತರ ದಡ ಮುಟ್ಟಿದಳು. ಅಂಗೈಯೆರಡೂ ಸುಲಿದಿದ್ದವು. ಅವನತ್ತ ಒಮ್ಮೆ ನೋಡಿ, ದೋಣಿಯನ್ನು ಗೂಟಕ್ಕೆ ಕಟ್ಟಿದಳು.

ಮರುದಿನ ಅಟ್ಟದ ಮೇಲಿನದನ್ನು ಇಳಿಸಿ, ಹೊಸ ಶಾಫ್ಟಿಗೆ ಕೂರಿಸಿದ. ಪೂರ್ತಿ ಹೋಗದಿದ್ದರೂ ನಡುಕ ಮುಕ್ಕಾಲು ಪಾಲು ಇಳಿಯಿತು. ಭರಮಪ್ಪ ಅವನ ಕೈಗುಣವನ್ನು ಕೊಂಡಾಡಿದ. ಸುಮ್ಮನಿದ್ದರೆ ಆ ಹೊಗಳಿಕೆ ಅವನದೇ ಆಗುತ್ತಿತ್ತು.

"ನಂದಲ್ಲ," ಎಂದ ಲಗಮಣ್ಣ ನೆಲ ನೋಡುತ್ತ. "ದೇವಕ್ಕ ಹೇಳಿದ್ದು."

ಹೇಳಿದರೂ ಹೊಟ್ಟೆಯುರಿ ಆರಲಿಲ್ಲ. ಈಗ ದೋಣಿಯವರು ಮೊದಲು ಅವಳನ್ನು ಕೇಳಿ, ಆಮೇಲೆ ಇವನ ಬಳಿ ಬರುತ್ತಾರೆ. ಒಮ್ಮೆ ಅವಳು ದಂಡೆಗಿಳಿದಾಗ ತಾನೇ ದೋಣಿ ಹತ್ತಿ, ಒಂದು ಸುತ್ತು ಚುಕ್ಕಾಣಿ ಹಿಡಿದು ಕೂತ. ಕೈಗೆ ಬರೀ ದೋಣಿಯ ನಡುಕ ತಾಗಿತು. ಅದು ಅವನಿಗೆ ಏನನ್ನೂ ಹೇಳಲಿಲ್ಲ.