ಕಣ್ಣಿಟ್ಟ ಕುರಿಮರಿ

ಕೂಡ್ಲಿಗಿಯಲ್ಲಿ ನಮ್ಮ ಮನೆಗೂ ಮಹಬೂಬ್ ಬೀ ಮನೆಗೂ ಒಂದೇ ಗೋಡೆ. ಆಕೆ ಜರಿ ಕೆಲಸದವಳು. ಮದುವೆಯ ಕುಪ್ಪಸಕ್ಕೆ ಜರಿ ಹೊಲಿಯುವವರು ಊರಲ್ಲಿ ಬೇರೆಯವರೂ ಇದ್ದಾರೆ. ಆದರೆ ಚರ್ಚಿನ ಫಾದರ್ ಪೂಜೆಗೆ ತೊಡುವ ಮೇಲಂಗಿಯ ಮೇಲೆ ಶಿಲುಬೆ, ದ್ರಾಕ್ಷಿ ಗೊಂಚಲು, ಗೋಧಿ ತೆನೆ ಮೂಡಿಸುವವಳು ಈಕೆ ಒಬ್ಬಳೇ. ಅಪ್ಪ ಕಮಾಲಸಾಬ ಕಲಿಸಿಹೋದ ಕೆಲಸ. ಮುಸ್ಲಿಂ ಹೆಂಗಸು ಶಿಲುಬೆ ಹೊಲಿಯುವುದೇನು ಎಂದು ಮೂಗು ಮುರಿದವರು ಎರಡೂ ಕಡೆ ಇದ್ದರು. ಅವರ ಮೂಗು, ಅವರಿಷ್ಟ.

ಮೊದಲಿದ್ದ ಮುದುಕ ಫಾದರ್ ಈಕೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಎಲ್ಲ ಬಿಡಿಸಿ ಹೇಳುತ್ತಿದ್ದರು. ನೇರಳೆ ಬಣ್ಣ ಉಪವಾಸದ ದಿನಗಳಿಗೆ, ಕೆಂಪು ಧರ್ಮಕ್ಕಾಗಿ ಪ್ರಾಣ ಕೊಟ್ಟವರ ನೆನಪಿಗೆ, ಬಿಳಿ ಈಸ್ಟರಿಗೆ. ಕುರಿಮರಿ ಎಂದರೆ ಬಲಿಯಾದ ಯೇಸು. ಮಹಬೂಬ್ ಬೀ ಕುರಿಮರಿಯನ್ನೂ ಹೊಲಿದಳು, ಕಣ್ಣು ಮಾತ್ರ ಇಡಲಿಲ್ಲ.

"ಜೀವ ಇರೋದಕ್ಕ ನಾವು ಕಣ್ಣು ಇಡಬಾರದ್ರಿ. ನಮ್ಮಪ್ಪನ ಮಾತು ಅದು. ಕಣ್ಣು ಕೊಡಾಂವ ಮ್ಯಾಲ ಅದಾನ," ಎಂದಳು.

ಫಾದರ್ ನಕ್ಕುಬಿಟ್ಟರು. "ಬಲಿಯಾದ ಕುರಿಮರಿ ಅಲ್ಲವೇನಮ್ಮಾ, ಕಣ್ಣು ಮುಚ್ಚಿ ಮಲಗಿದೆ ಅಂದ್ಕೊಳ್ತೀನಿ."

ಪ್ರತಿ ಈಸ್ಟರಿಗೂ ಅವರು ಅದನ್ನೇ ತೊಟ್ಟರು. ಈಕೆ ಚರ್ಚಿನ ಗೇಟಿನ ಹೊರಗೆ ನಿಂತು ಕಣ್ತುಂಬ ನೋಡಿ ಬರುತ್ತಿದ್ದಳು. ನಿನಗೆ ರಂಜಾನಿನ ಜೊತೆ ಇದೊಂದು ಹಬ್ಬ ಎಂದು ನಾನು ಕಾಡಿಸುತ್ತಿದ್ದೆ. ಅವರು ತೀರಿಕೊಂಡಾಗ ಅದೇ ಅಂಗಿಯಲ್ಲಿ ಮಣ್ಣು ಮಾಡಿದರು.

ಹೊಸ ಫಾದರ್ ಹುಡುಗು ವಯಸ್ಸಿನವರು. ಈಸ್ಟರಿಗೆ ಬೇರೆ ಬಿಳಿ ಅಂಗಿ ಬೇಕೆಂದರು. ಚಳಿಗಾಲವೆಲ್ಲ ಕೂತು ಹೊಲಿದಳು. ನೋಡಲು ಬಂದ ಫಾದರ್ ಹುಬ್ಬು ಗಂಟಿಕ್ಕಿದರು.

"ಇದು ಕುರುಡು ಕುರಿ ಆಯ್ತಲ್ಲಮ್ಮ. ಈಸ್ಟರ್ ಅಂದ್ರೆ ಸಾವು ಗೆದ್ದು ಎದ್ದ ದಿನ. ಕಣ್ಣು ಬಿಟ್ಟಿರಬೇಕು. ಆಗಲ್ಲ ಅಂದ್ರೆ ಹೇಳಿ, ರೆಡಿಮೇಡ್ ತರಿಸ್ತೀನಿ."

ಅವರ ಶಾಸ್ತ್ರಕ್ಕೆ ಅದು ಸರಿಯೇ ಇರಬಹುದು. ಹೇಳಿದ ರೀತಿಗೆ ನನ್ನ ಮೈ ಉರಿಯಿತು.

ಮಗ ಯೂನುಸ ಬೈಕ್ ರಿಪೇರಿಯವನು. "ಬ್ಯಾಡ ಬಿಡಮ್ಮಾ. ನಿಮ್ಮಪ್ಪ ಬ್ಯಾಡ ಅಂದಿದ್ದನ್ನ ಯಾಕ ಮಾಡ್ತಿ? ಅಂಗಿ ಹೋದ್ರ ಹೋಗ್ಲಿ," ಎಂದ. ಅವಳು ಅಂಗಿ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಶಿವಗಂಗಕ್ಕ, ನನ್ನ ಕಣ್ಣಿಗೆ ಪೊರಿ ಬಂದೈತಿ. ಇನ್ನೊಂದು ಅಂಗಿ ನನ್ನ ಕೈಲಿ ಆಗಂಗಿಲ್ಲ. ಇದನ್ನ ಅವ್ರು ತೊಟ್ಟಿದ್ದು ಒಮ್ಮಿ ನೋಡ್ಬೇಕು. ಸೂಜಿಗೆ ದಾರ ಹಾಕಿಕೊಡು."

ಗಂಡ ಸತ್ತಾಗ ತೆಗೆದಿಟ್ಟಿದ್ದ ಕರಿಮಣಿ ಸರ ಡಬ್ಬಿಯಲ್ಲಿತ್ತು. ಅದರಿಂದ ಒಂದು ಮಣಿ ಬಿಡಿಸಿಕೊಂಡಳು. ದೇವರ ಹೆಸರೆತ್ತಿ ಬಿಸ್ಮಿಲ್ಲಾ ಎನ್ನದೆ ಆಕೆ ಸೂಜಿ ಮುಟ್ಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಂದು ಅನ್ನಲಿಲ್ಲ. ಕಣ್ಣು ಮಂಜಾಗಿ ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿ ಮಣಿ ಕೂರಿಸಿ, ಅಂಗಿಯನ್ನು ಚರ್ಚಿಗೆ ಕೊಟ್ಟು ಬಂದಳು.

ಈಸ್ಟರ್ ಬೆಳಿಗ್ಗೆ ಇಬ್ಬರೂ ಗೇಟಿನ ಹೊರಗೆ ನಿಂತೆವು. ಫಾದರ್ ಮೆರವಣಿಗೆಯಲ್ಲಿ ಬಂದರು. ಮೈಮೇಲೆ ಮಿರಮಿರ ಮಿಂಚುವ ಮಷೀನಿನ ಅಂಗಿ, ಅದರ ಮೇಲೊಂದು ಮಷೀನಿನ ಕುರಿಮರಿ. ಮಹಬೂಬ್ ಬೀ ನನ್ನ ಕೈ ಹಿಡಿದುಕೊಂಡಳು.

ಪೂಜೆ ಮುಗಿದ ಮೇಲೆ ಅವರೇ ಹತ್ತಿರ ಬಂದರು. "ನಿಮ್ಮದೂ ಚೆನ್ನಾಗಿದೆಯಮ್ಮ. ಈ ಪಾರ್ಸೆಲ್ ಮೊದಲೇ ಹೇಳಿಟ್ಟಿದ್ದೆ. ನಿಮ್ಮದು ಮುಂದೆ ಯಾವಾಗಾದ್ರೂ ನೋಡೋಣ."

"ಮೊದ್ಲ ಹೇಳಿಟ್ಟಿದ್ರ ಈಕಿ ಕೈಲಿ ಕಣ್ಣು ಯಾಕ ಇಡಿಸಿದ್ರಿ?" ಎಂದೆ. ಆತ ಗಡಿಯಾರ ನೋಡಿಕೊಂಡ.

ಅವಳು ಅಂಗಿಯನ್ನು ವಾಪಸು ಕೇಳಿ ತಂದಳು. ಮನೆಗೆ ಬಂದು ಮಣಿ ಕಿತ್ತಳು. ಮಣಿ ಬಂತು, ಚುಚ್ಚಿದ ತೂತು ಹಾಗೇ ಉಳಿಯಿತು. ಬೆರಳಿನಿಂದ ಸವರಿದಷ್ಟೂ ದೊಡ್ಡದಾಯಿತು.

"ಯಾರ ಸಲುವಾಗಿ ಕಣ್ಣು ಇಟ್ಟಿ ಅಂತ ಮ್ಯಾಲ ಹೋದಾಗ ಅಪ್ಪ ಕೇಳಿದ್ರ ಏನು ಹೇಳ್ಲಿ ಅಕ್ಕಾ?"

ಅಂದಿನಿಂದ ಅವಳು ಸೂಜಿ ಮುಟ್ಟಲಿಲ್ಲ. ಕೆಲವು ದಿನ ಬಿಟ್ಟು ನನ್ನ ಕುಪ್ಪಸಕ್ಕೆ ಹುಕ್ಕು ಹಚ್ಚಿಕೊಡು ಎಂದು ಹೋದೆ. ಹಾಗಾದರೂ ಅವಳ ಕೈಗೆ ಸೂಜಿ ಬರಲಿ ಎಂದು. ದಾರ ಹಾಕಿ ಕೊಟ್ಟೆ. ಸೂಜಿ ಹಿಡಿದಳು, ತುಟಿ ಅಲ್ಲಾಡಿತು, ಬಿಸ್ಮಿಲ್ಲಾ ಹೊರಡಲಿಲ್ಲ. ಸೂಜಿಯನ್ನು ಕುಪ್ಪಸಕ್ಕೆ ಸಿಕ್ಕಿಸಿ ನನಗೇ ವಾಪಸು ಕೊಟ್ಟಳು.